ಹೆಸರು ಬದಲಾದ ಕಾರು: ಬಾನೆಟ್ಟಿನ ಕೆಳಗೆ ಏನಿದೆ, ಗಿರಾಕಿಯ ನಂಬಿಕೆ ಎಲ್ಲಿದೆ

ಮಹೀಂದ್ರ ಕಂಪನಿ 2015ರಲ್ಲಿ ತಂದ ಟಿಯುವಿ300ಗೆ ಲ್ಯಾಡರ್ ಫ್ರೇಮ್ ಚಾಸಿ (ಏಣಿಯಾಕಾರದ ಉಕ್ಕಿನ ಚೌಕಟ್ಟು), 1.5 ಲೀಟರಿನ ಮೂರು ಸಿಲಿಂಡರ್ ಡೀಸೆಲ್ ಎಂಜಿನ್, ಹಿಂದಿನ ಚಕ್ರಗಳಿಗೆ ಎಳೆತ, ಡಿಕ್ಕಿಯಲ್ಲಿ ಎದುರುಬದುರು ಕೂರುವ ಎರಡು ಸೀಟು ಇತ್ತು. 2021ರ ಜುಲೈಯಲ್ಲಿ ಅದೇ ಗಾಡಿ ಗ್ರಿಲ್ಲು, ಬಂಪರು ಬದಲಿಸಿಕೊಂಡು, ಎಂಜಿನ್ನಿಗೆ ಒಂದಿಷ್ಟು ತಿದ್ದುಪಡಿ ಮಾಡಿಸಿಕೊಂಡು ‘ಬೊಲೆರೊ ನಿಯೊ’ ಎಂಬ ಹೆಸರಲ್ಲಿ ಶೋರೂಮಿಗೆ ಬಂತು. ಬೆಳ್ತಂಗಡಿ, ಸುಳ್ಯ, ಹೆಬ್ರಿ ಕಡೆಯ ತೋಟದ ಮನೆಗಳಲ್ಲಿ ಟಿಯುವಿ ಎಂದರೆ ‘ಅದೆಂತದು?’ ಎಂದು ಕೇಳುತ್ತಿದ್ದವರಿಗೆ ಬೊಲೆರೊ ಎಂದರೆ ಏನೆಂದು ಹೇಳಿಕೊಡಬೇಕಾಗಿರಲಿಲ್ಲ. 2000ನೇ ಇಸವಿಯಿಂದ ಆ ಹೆಸರು ಮಣ್ಣು ರಸ್ತೆ, ಗೊಬ್ಬರದ ಮೂಟೆ, ಅಡಿಕೆ ಚೀಲಗಳ ಜೊತೆ ಓಡಾಡಿದೆ.

ಕಂಪನಿ ಇಲ್ಲಿ ಮಾಡಿದ್ದು ಒಂದೇ ಕೆಲಸ: ಒಂದು ಗಾಡಿ ಇಪ್ಪತ್ತು ವರ್ಷದಲ್ಲಿ ಗಳಿಸಿದ ನಂಬಿಕೆಯನ್ನು ಇನ್ನೊಂದು ಗಾಡಿಗೆ ಕೊಟ್ಟಿತು. ಕೊಡುವ ಹಕ್ಕು ಕಂಪನಿಗೆ ಇದೆ, ಹೆಸರು ಅದರದ್ದೇ. ಆದರೆ ಆ ನಂಬಿಕೆ ಗಿರಾಕಿಯದು. ಹೊಸ ಗಾಡಿ ಅದಕ್ಕೆ ತಕ್ಕಂತೆ ನಡೆದುಕೊಂಡರೆ ಗಿರಾಕಿ ಉಳಿಯುತ್ತಾನೆ, ಇಲ್ಲವಾದರೆ ಬಿಟ್ಟುಹೋಗುತ್ತಾನೆ. ಹೆಸರು ಬದಲಾವಣೆಯ ಒಳಿತು ಕೆಡುಕುಗಳೆಲ್ಲ ಇದರ ಸುತ್ತಲೇ ಇವೆ. ಹಾಗಾಗಿ ಹೆಸರು ಬದಲಾಯಿತು ಎಂದ ಕೂಡಲೇ ಕೇಳಬೇಕಾದ್ದು ‘ಯಾಕೆ ಬದಲಾಯಿಸಿದರು’ ಎಂದಲ್ಲ, ‘ಹೆಸರಿನ ಕೆಳಗೆ ಏನು ಬದಲಾಯಿತು’ ಎಂದು.

ನಿಷ್ಠೆ ಯಾರ ಮೇಲೆ?

ಕಂಪನಿಗಳು ಗಿರಾಕಿಯ ನಿಷ್ಠೆಯನ್ನು ಅಳೆಯುವ ಲೆಕ್ಕ ಸರಳ. ಹಳೆ ಕಾರು ಕೊಟ್ಟು ಹೊಸದು ತೆಗೆದುಕೊಂಡ ನೂರು ಮಂದಿಯಲ್ಲಿ ಎಷ್ಟು ಜನ ಅದೇ ಕಂಪನಿಗೆ ಮರಳಿದರು ಎಂಬುದು ಒಂದು ಸಂಖ್ಯೆ. ಅವರಲ್ಲಿ ಎಷ್ಟು ಜನ ಅದೇ ಮಾದರಿಗೆ ಮರಳಿದರು ಎಂಬುದು ಇನ್ನೊಂದು. ಮಾರುತಿಯ ವ್ಯಾಗನ್ ಆರ್ ಕೊಟ್ಟು ವ್ಯಾಗನ್ ಆರ್ ತೆಗೆದವನು ಎರಡೂ ಲೆಕ್ಕಕ್ಕೆ ಸಿಗುತ್ತಾನೆ. ವ್ಯಾಗನ್ ಆರ್ ಕೊಟ್ಟು ಅದೇ ಮಾರುತಿಯ ಬ್ರೆಝಾ ತೆಗೆದವನು ಮೊದಲನೆಯದಕ್ಕೆ ಮಾತ್ರ. ಮಾದರಿಯ ಹೆಸರು ಬದಲಾದಾಗ ಎರಡನೆಯ ಸಂಖ್ಯೆ ತಾನಾಗಿ ಸೊನ್ನೆಯಾಗುತ್ತದೆ, ಏಕೆಂದರೆ ಮರಳಲು ಆ ಹೆಸರಿನ ಕಾರೇ ಇಲ್ಲ. ಕಂಪನಿಯ ಆಸೆ ಏನೆಂದರೆ, ಆ ಗಿರಾಕಿ ಮೊದಲನೆಯ ಸಂಖ್ಯೆಯಲ್ಲಾದರೂ ಉಳಿಯಲಿ.

ಈ ಎರಡೂ ಲೆಕ್ಕಕ್ಕೆ ಸಿಗದ ಮೂರನೆಯದು ಒಂದಿದೆ, ಕರಾವಳಿಯಲ್ಲಿ ಅದರ ತೂಕವೇ ಹೆಚ್ಚು: ಗಾಡಿ ನೋಡಿಕೊಳ್ಳುವ ಕೈ. ಬೈಕಂಪಾಡಿಯ ವರ್ಕ್‌ಶಾಪಿನವರೋ, ಊರಿನ ಪೇಟೆಯ ಮೆಕ್ಯಾನಿಕ್ಕೋ ‘ಇದರ ಕೆಲಸ ನನಗೆ ಗೊತ್ತು, ಸಾಮಾನು ಸಿಗುತ್ತದೆ’ ಎಂದು ಹೇಳಿದರೆ ಮನೆಯವರು ಅರ್ಧ ಒಪ್ಪಿದಂತೆ. ಉಪ್ಪುಗಾಳಿ ಮತ್ತು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಸಸ್ಪೆನ್ಷನ್ನಿನ ಲೋವರ್ ಆರ್ಮ್ ಬುಷ್, ಲಿಂಕ್ ರಾಡ್, ಸೈಲೆನ್ಸರ್, ಬ್ರೇಕ್ ಡಿಸ್ಕ್ ಒಳನಾಡಿಗಿಂತ ಬೇಗ ಹೋಗುತ್ತವೆ. ಹೀಗಿರುವಾಗ ಸಾಮಾನು ಬೇಗ ಸಿಗುವುದು, ಕೆಲಸ ಗೊತ್ತಿರುವವರು ಹತ್ತಿರ ಇರುವುದು ಶೋಕಿಯ ಮಾತಲ್ಲ. ಕಾರಿನ ಹೆಸರು ಈ ಮೂರನೇ ನಂಬಿಕೆಗೆ ಒಂದು ಗುರುತು ಅಷ್ಟೆ. ಹೆಸರು ಬದಲಾಗಿ ಕೆಲಸ ಅದೇ ಉಳಿದರೆ ಮೆಕ್ಯಾನಿಕ್ಕಿಗೆ ಒಂದು ವಾರದಲ್ಲಿ ಗೊತ್ತಾಗುತ್ತದೆ, ಗಿರಾಕಿಗೆ ಅವನಿಂದ ಗೊತ್ತಾಗುತ್ತದೆ.

ಇದನ್ನು ಅರ್ಥ ಮಾಡಿಕೊಳ್ಳಲು ನಮ್ಮ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ಬ್ಯಾಂಕುಗಳಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಮಂಗಳೂರಿನಲ್ಲಿ 1931ರಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ಕ್ಕೆ ಬ್ಯಾಂಕ್ ಆಫ್ ಬರೋಡಾ ಆಯಿತು. ಉಡುಪಿಯಲ್ಲಿ 1906ರಲ್ಲಿ ಶುರುವಾದ ಕಾರ್ಪೊರೇಷನ್ ಬ್ಯಾಂಕ್ ಮತ್ತು 1925ರಲ್ಲಿ ಶುರುವಾದ ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ಕ್ಕೆ ಯೂನಿಯನ್ ಬ್ಯಾಂಕ್, ಕೆನರಾ ಬ್ಯಾಂಕ್‌ಗಳೊಳಗೆ ಸೇರಿದವು. ಹೆಸರು ಹೋದ ನೋವು ದೊಡ್ಡದು, ಅದು ಇನ್ನೂ ಇದೆ. ಆದರೆ ದಿನನಿತ್ಯದ ಕಿರಿಕಿರಿ ಬಂದದ್ದು ಐಎಫ್‌ಎಸ್‌ಸಿ ಬದಲಾದಾಗ, ಹಳೆ ಚೆಕ್ ಪುಸ್ತಕ ನಡೆಯದೇ ಹೋದಾಗ, ಪರಿಚಯದ ಶಾಖೆ ಮುಚ್ಚಿ ಇನ್ನೊಂದು ರಸ್ತೆಗೆ ಹೋದಾಗ. ಕಾರಿನಲ್ಲೂ ಹೀಗೆಯೇ. ಬ್ಯಾಡ್ಜ್, ಅಂದರೆ ಕಾರಿನ ಮೇಲಿನ ಹೆಸರು, ಬದಲಾದದ್ದು ಬೇಸರ ತರುತ್ತದೆ. ಪಾರ್ಟ್ ನಂಬರ್, ವಿಮೆಯ ದಾಖಲೆ, ಸೆಕೆಂಡ್ ಹ್ಯಾಂಡ್ ಬೆಲೆ ಬದಲಾದಾಗ ಗಿರಾಕಿ ಕೈಬಿಡುತ್ತಾನೆ.

ಬ್ಯಾಡ್ಜ್ ಬದಲಾದರೂ ಜನ ಒಪ್ಪದ ಹಳೆಯ ನಿದರ್ಶನ ಪ್ರೀಮಿಯರ್ ಪದ್ಮಿನಿ. ಮುಂಬೈಯ ಪ್ರೀಮಿಯರ್ ಕಂಪನಿ ಫಿಯಟ್ 1100 ಡಿಲೈಟ್ ಕಾರನ್ನು 1970ರ ದಶಕದ ಮೊದಲಲ್ಲಿ ಪ್ರೆಸಿಡೆಂಟ್ ಎಂದು, 1974ರಲ್ಲಿ ಪದ್ಮಿನಿ ಎಂದು ಕರೆಯಿತು. ಊರಿನ ಬಾಯಲ್ಲಿ ಅದು ಕೊನೆಯವರೆಗೂ ‘ಫಿಯಟ್ಟೇ’. ಯಂತ್ರ ಅದೇ ಇದ್ದಾಗ ಜನ ಹಳೆ ಹೆಸರನ್ನು ಎಷ್ಟು ಕಾಲ ಬೇಕಾದರೂ ಇಟ್ಟುಕೊಳ್ಳುತ್ತಾರೆ.

ಯಂತ್ರ ಅದೇ, ಹೆಸರು ಹೊಸದು

ಬೊಲೆರೊ ನಿಯೊ ಈ ಬಗೆಯದು. ಇನ್ನೊಂದು, ಮಹೀಂದ್ರ ರೆನೊ ಲೋಗನ್. 2007ರಲ್ಲಿ ಬಂದ ಈ ಕಾರು, ಎರಡು ಕಂಪನಿಗಳ ಪಾಲುದಾರಿಕೆ ಮುರಿದ ಮೇಲೆ 2011ರಲ್ಲಿ ‘ವೆರಿಟೊ’ ಆಯಿತು. ಲೋಗನ್ ಎಂಬ ಹೆಸರು ರೆನೊದ ಬಳಿ ಉಳಿಯಿತು, ಕಾರು ಮಹೀಂದ್ರದ ಬಳಿ ಉಳಿಯಿತು. ಒಳಗಿನ 1461 ಸಿಸಿ ಡೀಸೆಲ್ ಎಂಜಿನ್ ರೆನೊದ ಕೆ9ಕೆ. ಅದೇ ಎಂಜಿನ್ ರೆನೊ ಡಸ್ಟರ್, ನಿಸಾನ್ ಟೆರಾನೊ, ನಿಸಾನ್ ಸನ್ನಿಯಲ್ಲೂ ಇತ್ತು. ಹಾಗಾಗಿ ಈ ಎಂಜಿನ್ನಿನ ಕೆಲಸ ಬಲ್ಲ ಮೆಕ್ಯಾನಿಕ್ ಗಾಡಿಯ ಹೆಸರು ಕೇಳುವುದಿಲ್ಲ, ‘ಕೆ9ಕೆಯಾ?’ ಎಂದೇ ಕೇಳುತ್ತಾನೆ.

ಈ ಬಗೆಯ ಬದಲಾವಣೆಯಲ್ಲಿ ಹಳೆ ಗಾಡಿ ಇಟ್ಟುಕೊಂಡವರು ತಿಳಿಯಬೇಕಾದ್ದು ಎರಡು ಸಂಗತಿ, ಎರಡೂ ಒಂದಕ್ಕೊಂದು ವಿರುದ್ಧ. ಎಂಜಿನ್, ಗೇರ್‌ಬಾಕ್ಸ್, ಸಸ್ಪೆನ್ಷನ್ ಸಾಮಾನು ಮುಂದೆಯೂ ಸಿಗುತ್ತದೆ, ಏಕೆಂದರೆ ಹೊಸ ಹೆಸರಿನ ಗಾಡಿಗೂ ಅದೇ ಬೇಕು. ಇದು ಲಾಭ. ಆದರೆ ಮುಂದಿನ ಬಂಪರ್, ಗ್ರಿಲ್, ಹೆಡ್‌ಲೈಟ್ ಇಂಥವು ಹಳೆ ಹೆಸರಿನ ಗಾಡಿಗೆ ಮಾತ್ರ ಸೇರಿದವು. ಅವುಗಳ ಬೇಡಿಕೆ ಇಳಿಯುತ್ತದೆ, ಡೀಲರ್ ಸ್ಟಾಕ್ ಇಡುವುದಿಲ್ಲ, ಆರ್ಡರ್ ಹಾಕಿ ಕಾಯಬೇಕಾಗುತ್ತದೆ. ಟಿಯುವಿ300 ಇದ್ದವರು ಸಣ್ಣ ಅಪಘಾತದ ನಂತರ ವಾರಗಟ್ಟಲೆ ಗಾಡಿಯನ್ನು ವರ್ಕ್‌ಶಾಪಿನಲ್ಲಿ ಬಿಡಬೇಕಾದ ಸಂದರ್ಭ ಬರುವುದು ಇಲ್ಲಿಂದ, ಎಂಜಿನ್ನಿಂದ ಅಲ್ಲ. ತುಂಡಾಗದ ಬಂಪರನ್ನು ಟಿಂಕರಿಂಗಿನವರಿಂದ ಸರಿಮಾಡಿಸಿ ಉಳಿಸಿಕೊಳ್ಳುವುದು ಇಂಥ ಗಾಡಿಗಳಲ್ಲಿ ಬುದ್ಧಿವಂತಿಕೆ.

ಹೆಸರಿನ ಸಣ್ಣ ತುಣುಕು ಮಾತ್ರ ಕಳಚಿದ ನಿದರ್ಶನಗಳೂ ಇವೆ. 2016ರ ವಿಟಾರಾ ಬ್ರೆಝಾ 2022ರ ಜೂನ್ ಕೊನೆಗೆ ಬರೀ ‘ಬ್ರೆಝಾ’ ಆಯಿತು, ಏಕೆಂದರೆ ಅದೇ ವರ್ಷ ಮಾರುತಿ ಗ್ರ್ಯಾಂಡ್ ವಿಟಾರಾ ಎಂಬ ದೊಡ್ಡ ಗಾಡಿಯನ್ನು ತರುವುದಿತ್ತು. ಗಿರಾಕಿಗಳಿಗೆ ಇದು ತಟ್ಟಲೇ ಇಲ್ಲ. ಜನ ಮೊದಲಿನಿಂದಲೂ ಬ್ರೆಝಾ ಎಂದೇ ಹೇಳುತ್ತಿದ್ದರು.

ಹೆಸರು ಹಳೆಯದು, ಯಂತ್ರ ಬೇರೆ

ಇಲ್ಲಿ ಅಪಾಯ ಹೆಚ್ಚು. 1993ರಲ್ಲಿ ಬಂದ ಮಾರುತಿ ಝೆನ್ 993 ಸಿಸಿಯ ಪುಟ್ಟ ಕಾರು. ತಗ್ಗಾಗಿ ಕೂತು ಓಡಿಸುವ, ಚುರುಕಾಗಿ ತಿರುಗುವ ಗುಣವೇ ಅದರ ಹೆಸರಾಗಿತ್ತು. 2006ರ ಕೊನೆಗೆ ‘ಝೆನ್ ಎಸ್ಟಿಲೊ’ ಬಂತು. ಅದು ಎತ್ತರದ ಮೈಯ, ಬೇರೆಯೇ ಬುನಾದಿಯ ಕಾರು, ಎಂಜಿನ್ ವ್ಯಾಗನ್ ಆರ್‌ನದು. ಕೆಟ್ಟ ಕಾರೇನಲ್ಲ. ಆದರೆ ಝೆನ್ ಎಂದು ಕೇಳಿ ಬಂದವರಿಗೆ ಅದರಲ್ಲಿ ಝೆನ್ ಕಾಣಲಿಲ್ಲ. 2009ರಲ್ಲಿ ಕಂಪನಿಯೇ ‘ಝೆನ್’ ತೆಗೆದು ಬರೀ ಎಸ್ಟಿಲೊ ಎಂದು ಉಳಿಸಿತು. ಎರವಲು ಪಡೆದ ನಂಬಿಕೆ ನಿಲ್ಲಲಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಒಪ್ಪಿಗೆ ಬೇಕಿಲ್ಲ.

ಟಾಟಾ ಸಫಾರಿಯದು ಇನ್ನೂ ಕ್ಲಿಷ್ಟ. 1998ರ ಸಫಾರಿ ಲ್ಯಾಡರ್ ಫ್ರೇಮಿನ ಗಾಡಿ, ಹಿಂದಿನ ಚಕ್ರದ ಎಳೆತ, ಬೇಕಿದ್ದವರಿಗೆ ಫೋರ್ ವೀಲ್. 2019ರಲ್ಲಿ ಅದು ನಿಂತಿತು. 2020ರಲ್ಲಿ ‘ಗ್ರ್ಯಾವಿಟಾಸ್’ ಎಂದು ಪ್ರದರ್ಶನಕ್ಕಿಟ್ಟ ಮೂರು ಸಾಲು ಸೀಟಿನ ಗಾಡಿಯನ್ನು ಟಾಟಾ 2021ರಲ್ಲಿ ಸಫಾರಿ ಎಂದೇ ಮಾರಾಟಕ್ಕೆ ತಂದಿತು. ಇದು ಹ್ಯಾರಿಯರ್‌ನ ಬುನಾದಿಯ ಮೇಲೆ ಕಟ್ಟಿದ ಮೊನೊಕಾಕ್ (ಬೇರೆ ಚೌಕಟ್ಟಿಲ್ಲದೆ ಮೈಯೇ ಚಾಸಿಯಾದ) ಗಾಡಿ, ಎಳೆತ ಮುಂದಿನ ಚಕ್ರಗಳಿಗೆ, ಫೋರ್ ವೀಲ್ ಇಲ್ಲ. ಹೆದ್ದಾರಿಯಲ್ಲಿ ಕುಟುಂಬ ಕೂರಿಸಿಕೊಂಡು ಹೋಗುವವರಿಗೆ ಹೊಸದು ಹಳೆಯದಕ್ಕಿಂತ ಎಲ್ಲ ರೀತಿಯಲ್ಲೂ ಮೇಲು. ಮಳೆಗಾಲದಲ್ಲಿ ತೋಟದ ಕೆಸರು ಏರಿಗೆ ಹತ್ತಿಸಬೇಕಾದವರಿಗೆ ಅದು ಅವರ ಸಫಾರಿ ಅಲ್ಲ. ಒಂದೇ ಹೆಸರು ಒಂದು ಬಗೆಯ ಗಿರಾಕಿಯನ್ನು ಕರೆದುಕೊಂಡು ಬಂದು ಇನ್ನೊಂದು ಬಗೆಯವನನ್ನು ಕಳಿಸಿಕೊಟ್ಟಿತು.

ಮಾರುತಿಯ ಬಲೆನೊ ಹೆಸರಿಗೆ ಈ ತೊಂದರೆ ಬರಲಿಲ್ಲ. 1999ರಲ್ಲಿ ಬಂದ ಬಲೆನೊ ಡಿಕ್ಕಿಯ ಕಾರು, 2015ರದ್ದು ಹ್ಯಾಚ್‌ಬ್ಯಾಕ್. ನಡುವೆ ಎಂಟು ವರ್ಷ ಆ ಹೆಸರು ಇಲ್ಲಿನ ರಸ್ತೆಯ ಹೊಸ ಕಾರುಗಳ ಮೇಲೆ ಇರಲಿಲ್ಲ. ಹಳೆಯದನ್ನು ಕೊಂಡವರು ಕಡಿಮೆ, ಹೊಸದನ್ನು ಕೊಂಡವರಿಗೆ ಹಳೆಯದರ ನೆನಪೂ ಕಡಿಮೆ. ನೆನಪು ಗಟ್ಟಿಯಿದ್ದ ಹೆಸರನ್ನು ಬೇರೆ ಯಂತ್ರಕ್ಕೆ ಹಚ್ಚಿದರೆ ಮಾತ್ರ ಪೆಟ್ಟು.

ಇನ್ನೋವಾದ ಇಬ್ಬಾಗ

ಈ ವಿಷಯದಲ್ಲಿ ಕಲಿಯಲು ಅತಿ ಹೆಚ್ಚು ಇರುವುದು ಟೊಯೊಟಾದ ಬಿಡದಿ ಕಾರ್ಖಾನೆಯಿಂದ ಬಂದ ಸಾಲಿನಲ್ಲಿ. 2000ದಲ್ಲಿ ಕ್ವಾಲಿಸ್ ಬಂತು, ಚೆನ್ನಾಗಿ ಮಾರಾಟವಾಗುತ್ತಿತ್ತು. ಹಾಗಿದ್ದರೂ 2005ರಲ್ಲಿ ಅದನ್ನು ನಿಲ್ಲಿಸಿ ಇನ್ನೋವಾ ಎಂಬ ಪೂರ್ತಿ ಹೊಸ ಹೆಸರನ್ನು ತಂದರು. ಆಗ ಇದು ದುಡುಕಿನಂತೆ ಕಂಡಿತ್ತು. ಆದರೆ ಕ್ವಾಲಿಸ್ ಕೊಂಡವನಿಗೆ ಬೇಕಾಗಿದ್ದೆಲ್ಲ ಇನ್ನೋವಾದಲ್ಲಿ ಇತ್ತು: ಲ್ಯಾಡರ್ ಫ್ರೇಮ್, ಹಿಂದಿನ ಚಕ್ರದ ಎಳೆತ, 2.5 ಲೀಟರ್ ಡೀಸೆಲ್, ಏಳೆಂಟು ಮಂದಿಗೆ ಜಾಗ, ಮೊದಲಿನದೇ ಡೀಲರ್. ಹೆಸರು ಹೋಯಿತು, ಕೆಲಸ ಉಳಿಯಿತು. ಗಿರಾಕಿ ಹೆಸರನ್ನು ದಾಟಿ ಬಂದ. 2016ರ ಇನ್ನೋವಾ ಕ್ರಿಸ್ಟಾ ಅದೇ ದಾರಿಯಲ್ಲಿ ಮುಂದುವರಿಯಿತು, ಡೀಸೆಲ್ 2.4 ಲೀಟರ್ ಆಯಿತು.

2022ರ ಕೊನೆಗೆ ಬಂದ ಇನ್ನೋವಾ ಹೈಕ್ರಾಸ್ ಹೆಸರಿನಲ್ಲಿ ಇನ್ನೋವಾ, ಕಟ್ಟೋಣದಲ್ಲಿ ಬೇರೆಯೇ. ಮೊನೊಕಾಕ್ ಮೈ, ಮುಂದಿನ ಚಕ್ರದ ಎಳೆತ, 2.0 ಲೀಟರ್ ಪೆಟ್ರೋಲ್ ಅಥವಾ ಪೆಟ್ರೋಲ್ ಹೈಬ್ರಿಡ್, ಡೀಸೆಲ್ ಇಲ್ಲ. ಮಂಗಳೂರಿನಿಂದ ಬೆಂಗಳೂರಿಗೆ ತಿಂಗಳಿಗೆರಡು ಸಲ ಹೋಗುವ ಸಂಸಾರಕ್ಕೆ ಹೈಬ್ರಿಡ್‌ನ ಮೈಲೇಜ್, ನಿಶ್ಶಬ್ದ, ಮೆತ್ತಗಿನ ಓಟ ನಿಜವಾದ ಲಾಭ. ಆದರೆ ಸೀಟು ಭರ್ತಿ ಮಾಡಿ, ಕ್ಯಾರಿಯರ್ ಮೇಲೆ ಲಗೇಜ್ ಕಟ್ಟಿ ಶಿರಾಡಿ, ಚಾರ್ಮಾಡಿ, ಆಗುಂಬೆ ಘಾಟಿ ಹತ್ತಿಸುವ ಯೆಲ್ಲೋ ಬೋರ್ಡ್ ಮಾಲೀಕರು ಕೇಳಿದ್ದು ಡೀಸೆಲ್ ಕ್ರಿಸ್ಟಾವನ್ನೇ. ಕಂಪನಿ 2022ರಲ್ಲಿ ಕ್ರಿಸ್ಟಾ ಡೀಸೆಲ್ ಬುಕಿಂಗನ್ನು ನಿಲ್ಲಿಸಿತ್ತು. 2023ರ ಮೊದಲಲ್ಲಿ ಐದು ಗೇರಿನ ಮ್ಯಾನ್ಯುವಲ್‌ನಲ್ಲಿ ಮಾತ್ರ ಮತ್ತೆ ತಂದಿತು. ಇನ್ನೋವಾ ಎಂಬ ಒಂದು ಹೆಸರಿನೊಳಗೆ ಎರಡು ಬಗೆಯ ನಿಷ್ಠೆ ಇತ್ತು, ಒಂದು ಸೌಕರ್ಯದ್ದು, ಇನ್ನೊಂದು ದುಡಿಮೆಯದು. ಹೊಸ ಯಂತ್ರ ಬಂದಾಗ ಅವೆರಡೂ ಬೇರೆಯಾದವು, ಕಂಪನಿ ಎರಡನ್ನೂ ಉಳಿಸಿಕೊಳ್ಳಲು ಎರಡು ಗಾಡಿ ಮಾರಬೇಕಾಯಿತು. ಇದು ಕಂಪನಿ ಗಿರಾಕಿಯ ಮಾತು ಕೇಳಿದ ಒಳ್ಳೆಯ ನಿದರ್ಶನ ಎಂದೇ ಹೇಳಬೇಕು.

ಗಲ್ಫ್‌ನಲ್ಲಿ ಕುಳಿತು ಊರಿನ ಮನೆಗೆ ಕಾರು ಬುಕ್ ಮಾಡಿಸುವವರು ಇಲ್ಲಿ ಎಚ್ಚರ ವಹಿಸಬೇಕು. ಫೋನಿನಲ್ಲಿ ‘ಇನ್ನೋವಾ ತೆಗೀರಿ’ ಎಂದರೆ ಸಾಲದು. ಯಾವ ಇನ್ನೋವಾ, ಯಾವ ಇಂಧನ, ಗೇರ್‌ಬಾಕ್ಸ್ ಯಾವುದು ಎಂದು ಬುಕಿಂಗ್ ಫಾರ್ಮಿನಲ್ಲಿ ಬರೆಸಿ ಅದರ ಫೋಟೊ ತರಿಸಿಕೊಳ್ಳಿ. ಸ್ಕಾರ್ಪಿಯೊದಲ್ಲೂ ಇದೇ ಗೊಂದಲ ಉಂಟು. 2022ರ ಜೂನ್‌ನಲ್ಲಿ ಬಂದ ಸ್ಕಾರ್ಪಿಯೊ ಎನ್ ಹೊಸ ಗಾಡಿ. ಹಳೆಯದು ‘ಸ್ಕಾರ್ಪಿಯೊ ಕ್ಲಾಸಿಕ್’ ಎಂಬ ಹೆಸರಲ್ಲಿ, 2.2 ಲೀಟರ್ ಡೀಸೆಲ್ ಮ್ಯಾನ್ಯುವಲ್ ಆಗಿ ಅದರ ಪಕ್ಕದಲ್ಲೇ ಮುಂದುವರಿಯಿತು. ಬಾಲಕ್ಕೆ ‘ಕ್ಲಾಸಿಕ್’ ಸೇರಿಸಿದ್ದರಿಂದ ಹಳೆ ಗಿರಾಕಿಗೆ ತನ್ನ ಗಾಡಿ ಇನ್ನೂ ಇದೆ ಎಂದು ಗೊತ್ತಾಯಿತು. ಸ್ಕೋಡಾ ಇದನ್ನು ತಿರುಗಿಸಿ ಮಾಡಿತ್ತು: ಹಳೆ ಒಕ್ಟೇವಿಯಾ ಮಾರಾಟದಲ್ಲಿದ್ದಾಗಲೇ ಎರಡನೇ ಪೀಳಿಗೆಯ ಒಕ್ಟೇವಿಯಾವನ್ನು ಇಲ್ಲಿ ‘ಲಾರಾ’ ಎಂದು ಮಾರಿತು, ಮೂರನೇ ಪೀಳಿಗೆಗೆ 2013ರಲ್ಲಿ ಮತ್ತೆ ಒಕ್ಟೇವಿಯಾ ಎಂದಿತು. ಈಗ ಸೆಕೆಂಡ್ ಹ್ಯಾಂಡ್ ಹುಡುಕುವವರಿಗೆ ಲಾರಾ ಎಂಬುದು ನಡುವಿನ ಒಕ್ಟೇವಿಯಾ ಎಂದು ಬಿಡಿಸಿ ಹೇಳಬೇಕು.

ಒಂದು ಕಾರು, ಎರಡು ಕಂಪನಿ

ಮಾರುತಿ ಮತ್ತು ಟೊಯೊಟಾ ಒಂದರ ಕಾರನ್ನು ಇನ್ನೊಂದು ತನ್ನ ಹೆಸರಿಟ್ಟು ಮಾರುತ್ತವೆ. 2019ರಿಂದ ಮಾರುತಿಯ ಬಲೆನೊ ಟೊಯೊಟಾ ಶೋರೂಮಿನಲ್ಲಿ ಗ್ಲಾಂಝಾ. ಆಮೇಲೆ ಬ್ರೆಝಾ ಅರ್ಬನ್ ಕ್ರೂಸರ್ ಆಯಿತು, ಎರ್ಟಿಗಾ ರೂಮಿಯಾನ್ ಆಯಿತು, ಫ್ರಾಂಕ್ಸ್ ಟೈಸರ್ ಆಯಿತು. ಟೊಯೊಟಾ ಕಡೆಯಿಂದ ಹೈಕ್ರಾಸ್ ಮಾರುತಿಯಲ್ಲಿ ಇನ್‌ವಿಕ್ಟೊ ಆಯಿತು. ಯಂತ್ರ ಒಂದೇ ಆಗಿರುವಾಗ ಗಿರಾಕಿ ಆರಿಸುವುದು ಕಂಪನಿಯನ್ನು, ಸರ್ವೀಸ್ ಸೆಂಟರನ್ನು. ವಾರಂಟಿಯೂ ಒಂದು ಕಾರಣವಾಗಿತ್ತು: ಟೊಯೊಟಾ ಮೂರು ವರ್ಷ ಅಥವಾ 1 ಲಕ್ಷ ಕಿಲೋಮೀಟರ್ ಕೊಡುತ್ತಿದ್ದಾಗ ಮಾರುತಿ ಎರಡು ವರ್ಷ ಅಥವಾ 40,000 ಕಿಲೋಮೀಟರ್ ಕೊಡುತ್ತಿತ್ತು. 2024ರ ಜುಲೈಯಲ್ಲಿ ಮಾರುತಿಯೂ ಮೂರು ವರ್ಷ, 1 ಲಕ್ಷಕ್ಕೆ ಬಂತು. ಹಾಗಾಗಿ ಈಗ ನೋಡಬೇಕಾದ್ದು ಮನೆಗೆ ಯಾವ ಸರ್ವೀಸ್ ಸೆಂಟರ್ ಹತ್ತಿರ, ಯಾವುದರಲ್ಲಿ ಬೇಗ ದಿನ ಸಿಗುತ್ತದೆ, ವೇಯ್ಟಿಂಗ್ ಎಷ್ಟು ಎಂದು. ಬೈಂದೂರು, ಸುಳ್ಯದಂಥ ಕಡೆ ಇರುವವರಿಗೆ ಇದೊಂದೇ ನಿರ್ಧಾರ ಮಾಡಿಸಬೇಕು.

ಅರ್ಬನ್ ಕ್ರೂಸರ್ ಎಂಬ ಹೆಸರಿನ ಪಾಡು ಬೇರೆ. 2020ರಲ್ಲಿ ಅದು ಒಂದು ಕಾರಿನ ಹೆಸರು. 2022ರಲ್ಲಿ ಅದು ನಿಂತು ‘ಅರ್ಬನ್ ಕ್ರೂಸರ್ ಹೈರೈಡರ್’, 2024ರಲ್ಲಿ ‘ಅರ್ಬನ್ ಕ್ರೂಸರ್ ಟೈಸರ್’ ಬಂದವು. ಮೂರೂ ಬೇರೆ ಬೇರೆ ಕಾರುಗಳು. ಅಂಗಡಿಯಲ್ಲಿ ‘ಅರ್ಬನ್ ಕ್ರೂಸರ್‌ಗೆ ಬ್ರೇಕ್ ಪ್ಯಾಡ್’ ಎಂದು ಕೇಳಿದರೆ ತಪ್ಪು ಸಾಮಾನು ಬರುವ ಸಾಧ್ಯತೆ ಜಾಸ್ತಿ. 2020ರ ಕಾರಿನವರು ಬ್ರೆಝಾದ ಸಾಮಾನು ಕೇಳಬೇಕು, ಅದೂ ಚಾಸಿ ನಂಬರ್ ಕೊಟ್ಟು.

ಟ್ಯಾಕ್ಸಿ ಸ್ಟ್ಯಾಂಡಿನ ಭಯ

ಹೆಸರು ಬದಲಾವಣೆಗೆ ಕಂಪನಿಗಳು ಬಾಯಿಬಿಟ್ಟು ಹೇಳದ ಕಾರಣ ಒಂದಿದೆ. ಬಜ್ಪೆ ವಿಮಾನ ನಿಲ್ದಾಣದ ಹೊರಗೆ ಸಾಲಾಗಿ ನಿಂತ ಯೆಲ್ಲೋ ಬೋರ್ಡ್ ಕಾರುಗಳಲ್ಲಿ ಒಂದೇ ಮಾದರಿ ಹೆಚ್ಚಾದರೆ, ಮನೆ ಬಳಕೆಗೆ ಕಾರು ಹುಡುಕುವವನು ಆ ಮಾದರಿಯಿಂದ ಹಿಂದೆ ಸರಿಯುತ್ತಾನೆ. ಹಿಂದೆ ಇಂಡಿಕಾಗೆ ಹೀಗಾಯಿತು, ಎಟಿಯೋಸ್‌ಗೂ ಆಯಿತು. 2008ರ ಸ್ವಿಫ್ಟ್ ಡಿಝೈರ್ ಹೆಸರಿನಿಂದ 2017ರಲ್ಲಿ ಸ್ವಿಫ್ಟ್ ಕಳಚಿ ಡಿಝೈರ್ ಎಂದು ಹೊಸ ಕಾರು ತಂದ ಮಾರುತಿ, ಟ್ಯಾಕ್ಸಿಗೆ ಡಿಝೈರ್ ಟೂರ್ ಎಂಬುದನ್ನು ಬೇರೆ ಇಟ್ಟಿತು. ಹುಂಡೈ ಎಕ್ಸೆಂಟ್‌ನ ಜಾಗಕ್ಕೆ 2020ರಲ್ಲಿ ಆರಾ ತಂದು, ಎಕ್ಸೆಂಟ್ ಪ್ರೈಮ್ ಅನ್ನು ಟ್ಯಾಕ್ಸಿಗೆಂದು ಬಿಟ್ಟಿತು. ಟ್ಯಾಕ್ಸಿಯವರು ಆರಿಸಿದ ಕಾರು ಗಟ್ಟಿ ಎಂಬುದಕ್ಕೆ ಅದೇ ಪ್ರಮಾಣ, ಮೈಲೇಜಿಗೂ ಅದೇ ಪ್ರಮಾಣ. ಮನೆ ಬಳಕೆಯವರು ಅದನ್ನು ಕೀಳು ಎಂದು ಬಿಡುವುದು ತಪ್ಪು ಲೆಕ್ಕ, ಆದರೆ ಅವರು ಬಿಡುತ್ತಾರೆ, ಕಂಪನಿಗೆ ಅದು ಗೊತ್ತು.

ಕಾನೂನಿನಿಂದ ಅಥವಾ ಹೊರಗಿನ ಬೇರೆ ಕಾರಣದಿಂದ ಬರುವ ಬದಲಾವಣೆಗಳು ನಿಷ್ಠೆಗೆ ಅಷ್ಟು ತಟ್ಟುವುದಿಲ್ಲ. 2024ರ ನವೆಂಬರ್‌ನಲ್ಲಿ ಬಂದ ಮಹೀಂದ್ರ ಬಿಇ 6ಇ, ಇಂಡಿಗೊ ವಿಮಾನ ಕಂಪನಿ ‘6ಇ’ ತನ್ನದೆಂದು ನ್ಯಾಯಾಲಯಕ್ಕೆ ಹೋದ ಮೇಲೆ ಡಿಸೆಂಬರ್‌ನಲ್ಲೇ ಬಿಇ 6 ಆಯಿತು. ಟಾಟಾ ಝೀಕಾ ಎಂದು ಇಟ್ಟಿದ್ದ ಹೆಸರನ್ನು 2016ರಲ್ಲಿ ಝೀಕಾ ವೈರಸ್ ಹಾವಳಿಯ ಸುದ್ದಿಯಿಂದಾಗಿ ಟಿಯಾಗೊ ಎಂದು ಬದಲಿಸಿದರು. ಎರಡೂ ಸಲ ಗಾಡಿ ಇನ್ನೂ ಗಿರಾಕಿಯ ಕೈ ಸೇರಿರಲಿಲ್ಲ.

ಹೊರದೇಶದ ಎರಡು ಪಾಠ

ಅಮೆರಿಕದಲ್ಲಿ ಫೋರ್ಡ್ ಟಾರಸ್ 1980ರ ದಶಕದಿಂದ ಮನೆಮಾತು. ಫೋರ್ಡ್ ಅದನ್ನು ಕೈಬಿಟ್ಟು, 2005ರ ಮಾದರಿಯಾಗಿ ‘ಫೈವ್ ಹಂಡ್ರೆಡ್’ ಎಂಬ ದೊಡ್ಡ ಕಾರು ತಂದಿತು. ಅದು ಓಡಲಿಲ್ಲ. 2006ರಲ್ಲಿ ಮುಖ್ಯಸ್ಥರಾಗಿ ಬಂದ ಅಲನ್ ಮುಲಾಲಿ, ಜನಕ್ಕೆ ಗೊತ್ತಿರುವ ಹೆಸರನ್ನು ಎಸೆದದ್ದು ಯಾಕೆ ಎಂಬ ಪ್ರಶ್ನೆಯಿಂದ ಶುರು ಮಾಡಿ, 2008ರ ಮಾದರಿಗೆ ಅದೇ ಫೈವ್ ಹಂಡ್ರೆಡ್ ಕಾರಿಗೆ ಟಾರಸ್ ಎಂದು ಹೆಸರಿಡಿಸಿದರು. ಹೆಸರು ಮರಳಿತು, ಆದರೆ ಟಾರಸ್ ಮೊದಲಿನ ಸ್ಥಾನಕ್ಕೆ ಬರಲಿಲ್ಲ. ನಡುವಿನ ವರ್ಷಗಳಲ್ಲಿ ಗಿರಾಕಿಗಳು ಜಪಾನಿ ಕಂಪನಿಗಳ ಕ್ಯಾಮ್ರಿ, ಅಕಾರ್ಡ್‌ಗಳಿಗೆ ಹೋಗಿಯಾಗಿತ್ತು. ಆ ಎರಡು ಹೆಸರುಗಳು ಅಷ್ಟೂ ಕಾಲ ಬದಲಾಗಿರಲಿಲ್ಲ.

ಡಾಟ್ಸನ್ ಹೆಸರನ್ನು ನಿಸಾನ್ 1980ರ ದಶಕದಲ್ಲಿ ಜಗತ್ತಿನಾದ್ಯಂತ ತೆಗೆದುಹಾಕಿತು. 2014ರಲ್ಲಿ ಭಾರತದಲ್ಲಿ ಡಾಟ್ಸನ್ ಗೊ ಮೂಲಕ ಅದನ್ನು ಅಗ್ಗದ ಕಾರಿನ ಹೆಸರಾಗಿ ಮರಳಿ ತಂದರು. ಇಲ್ಲಿನ ಗಿರಾಕಿಗೆ ಆ ಹೆಸರಿನ ಹಿಂದಿನ ಯಾವ ನೆನಪೂ ಇರಲಿಲ್ಲ, ಅಗ್ಗ ಎಂಬುದೊಂದೇ ತಲುಪಿತು. 2022ರಲ್ಲಿ ಹೆಸರು ಮತ್ತೆ ನಿಂತಿತು. ಡಾಟ್ಸನ್ ಇದ್ದವರಿಗೆ ಸರ್ವೀಸ್ ನಿಸಾನ್‌ನಲ್ಲಿ ಸಿಗುತ್ತದೆ, ಆದರೆ ಸೆಕೆಂಡ್ ಹ್ಯಾಂಡ್ ಬೆಲೆಗೆ ನಿಂತ ಹೆಸರು ಭಾರವೇ.

ಕೊಳ್ಳುವವರು, ಇಟ್ಟುಕೊಂಡವರು ಮಾಡಬೇಕಾದ್ದು

ಹೊಸ ಹೆಸರಿನ ಗಾಡಿ ಹಳೆಯದೇ ಹೌದೋ ಅಲ್ಲವೋ ಎಂಬುದಕ್ಕೆ ಸೇಲ್ಸ್‌ನವರ ಮಾತಿಗಿಂತ ಸ್ಪೇರ್ ಪಾರ್ಟ್ಸ್ ಕೌಂಟರ್ ಉತ್ತಮ ಸಾಕ್ಷಿ. ಆಯಿಲ್ ಫಿಲ್ಟರ್, ಮುಂದಿನ ಬ್ರೇಕ್ ಪ್ಯಾಡ್, ಲೋವರ್ ಆರ್ಮ್, ಕ್ಲಚ್ ಸೆಟ್, ಈ ನಾಲ್ಕರ ಪಾರ್ಟ್ ನಂಬರನ್ನು ಹಳೆ ಗಾಡಿಗೂ ಹೊಸದಕ್ಕೂ ಕೇಳಿ ಬರೆದುಕೊಳ್ಳಿ. ಮೂರೋ ನಾಲ್ಕೋ ಹೊಂದಿದರೆ ನಿಮ್ಮ ಮೆಕ್ಯಾನಿಕ್ಕಿಗೆ ಗೊತ್ತಿರುವ ಗಾಡಿಯೇ. ಆಯಿಲ್ ಫಿಲ್ಟರ್ ಒಂದೇ ಹೊಂದಿದರೆ ಎಂಜಿನ್ ಅದೇ ಇರಬಹುದು, ಬುನಾದಿ ಬೇರೆ. ಲೋವರ್ ಆರ್ಮ್ ಹೊಂದಿ ಫಿಲ್ಟರ್ ಹೊಂದದಿದ್ದರೆ ಬುನಾದಿ ಅದೇ, ಎಂಜಿನ್ ಹೊಸದು. ಹೊಸ ಎಂಜಿನ್ ಆದರೆ ಮೊದಲ ವರ್ಷ ಕಾದು ನೋಡುವುದು ಲೇಸು.

ಎಂಜಿನ್ ಒಂದೇ ಎಂದ ಮಾತ್ರಕ್ಕೆ ಎಲ್ಲ ಒಂದೇ ಅಲ್ಲ. ಫಿಯಟ್‌ನ 1248 ಸಿಸಿ ಡೀಸೆಲ್ ಫಿಯಟ್‌ನಲ್ಲಿ ಮಲ್ಟಿಜೆಟ್, ಮಾರುತಿಯಲ್ಲಿ ಡಿಡಿಐಎಸ್, ಟಾಟಾದಲ್ಲಿ ಕ್ವಾಡ್ರಾಜೆಟ್. ಆದರೆ 75 ಅಶ್ವಶಕ್ತಿಯದಕ್ಕೂ 90 ಅಶ್ವಶಕ್ತಿಯದಕ್ಕೂ ಟರ್ಬೊ (ಎಂಜಿನ್ನಿಗೆ ಹೆಚ್ಚು ಗಾಳಿ ತಳ್ಳುವ ಭಾಗ) ಬೇರೆ. ಒಂದರ ಟರ್ಬೊವನ್ನು ಇನ್ನೊಂದಕ್ಕೆಂದು ಕೊಟ್ಟು ಹಣ ಕಳೆದುಕೊಳ್ಳುವುದು ಸೆಕೆಂಡ್ ಹ್ಯಾಂಡ್ ಸಾಮಾನಿನ ವ್ಯವಹಾರದಲ್ಲಿ ಆಗುವಂಥದ್ದೇ. ಹೆಸರು ಹೇಳಿ ಸಾಮಾನು ತರಬೇಡಿ. 17 ಅಕ್ಷರದ ಚಾಸಿ ನಂಬರನ್ನು ಫೋನಿನಲ್ಲಿ ಇಟ್ಟುಕೊಂಡು ಅದನ್ನೇ ತೋರಿಸಿ. ಅದರ ಮೊದಲ ಮೂರು ಅಕ್ಷರ ತಯಾರಕರದು: ಎಂಎ3 ಮಾರುತಿ, ಎಂಎಎಲ್ ಹುಂಡೈ, ಎಂಎಟಿ ಟಾಟಾ, ಎಂಎ1 ಮಹೀಂದ್ರ, ಎಂಬಿಜೆ ಟೊಯೊಟಾ. ತಯಾರಾದ ತಿಂಗಳು ವರ್ಷವನ್ನು ಬರೆಯುವ ಜಾಗ ಕಂಪನಿಯಿಂದ ಕಂಪನಿಗೆ ಬೇರೆ, ಅದನ್ನು ಊಹಿಸದೆ ಗಾಡಿಯ ಪ್ಲೇಟ್ ನೋಡಿ.

ಹೆಸರು ಬದಲಾಗುವ ಸುದ್ದಿ ಬಂದ ತಿಂಗಳುಗಳಲ್ಲಿ ಹಳೆ ಹೆಸರಿನ ಗಾಡಿಗೆ ದೊಡ್ಡ ರಿಯಾಯಿತಿ ಕೊಡುತ್ತಾರೆ. ತೆಗೆದುಕೊಳ್ಳಬಹುದೇ? ಉದಾಹರಣೆಗೆ 70,000 ರೂಪಾಯಿ ಕಡಿಮೆ ಮಾಡಿದರು ಎನ್ನಿ. ಯಂತ್ರ ಮುಂದುವರಿಯುವುದಾದರೆ ಮತ್ತು ನೀವು ಎಂಟು ಹತ್ತು ವರ್ಷ ಇಟ್ಟುಕೊಳ್ಳುವವರಾದರೆ ಧಾರಾಳವಾಗಿ ತೆಗೆಯಿರಿ. ಅಷ್ಟು ವರ್ಷದ ನಂತರ ಬೆಲೆ ನಿಲ್ಲುವುದು ಗಾಡಿಯ ಸ್ಥಿತಿಯ ಮೇಲೆ. ಮೂರು ವರ್ಷಕ್ಕೆ ಮಾರುವ ರೂಢಿಯವರಾದರೆ ಬೇಡ. ಬ್ರೋಕರ್ ಮೊದಲು ಹೇಳುವ ಮಾತೇ ‘ಇದು ನಿಂತ ಮಾಡೆಲ್’ ಎಂದು, ಉಳಿಸಿದ 70,000ಕ್ಕಿಂತ ಹೆಚ್ಚು ಅಲ್ಲೇ ಹೋಗಬಹುದು. ನೀವೇ ಮಾರುವಾಗ ಜಾಹೀರಾತಿನಲ್ಲಿ ಎರಡೂ ಹೆಸರು ಹಾಕಿ, ಉದಾಹರಣೆಗೆ ‘ಟಿಯುವಿ300, ಬೊಲೆರೊ ನಿಯೊದ್ದೇ ಚಾಸಿ’ ಎಂದು. ಹುಡುಕುವವನು ಹೊಸ ಹೆಸರು ಒತ್ತಿ ಹುಡುಕುತ್ತಾನೆ, ನಿಮ್ಮ ಗಾಡಿ ಅವನಿಗೆ ಕಾಣಬೇಕು.

ಹಳೆ ಗಾಡಿ ಕೊಟ್ಟು ಅದೇ ಕಂಪನಿಯ ಹೊಸದು ತೆಗೆಯುವಾಗ ಎಕ್ಸ್‌ಚೇಂಜ್ ಬೋನಸ್ ಬೇರೆ, ಅದೇ ಕಂಪನಿಗೆ ಮರಳಿದ್ದಕ್ಕೆ ಕೊಡುವ ಲಾಯಲ್ಟಿ ಬೋನಸ್ ಬೇರೆ. ಎರಡನ್ನೂ ಕೇಳಿ, ಎರಡೂ ಒಟ್ಟಿಗೆ ಸಿಗುತ್ತದೆಯೇ ಎಂದು ಕೊಟೇಶನ್ನಿನಲ್ಲೇ ಬರೆಸಿ. ಸಾಮಾನ್ಯವಾಗಿ ಹಳೆ ಆರ್‌ಸಿಯ ಪ್ರತಿ ಕೇಳುತ್ತಾರೆ, ಗಾಡಿ ತಂದೆ ಅಥವಾ ಹೆಂಡತಿಯ ಹೆಸರಿನಲ್ಲಿದ್ದರೆ ಸಂಬಂಧದ ದಾಖಲೆಯನ್ನೂ ಕೇಳುತ್ತಾರೆ. ಲೋಗನ್‌ನಂತೆ ಎರಡು ಕಂಪನಿಯ ಹೆಸರು ಹೊತ್ತ ಗಾಡಿ ಇದ್ದವರು ಆರ್‌ಸಿಯಲ್ಲಿ ತಯಾರಕರ ಜಾಗದಲ್ಲಿ ಏನಿದೆ ಎಂದು ಬುಕಿಂಗಿಗೆ ಮೊದಲೇ ತೋರಿಸಿಕೊಳ್ಳಿ.

ಕೊನೆಯದಾಗಿ ವಿಮೆ, ಹೆಚ್ಚಿನವರು ಎಡವುವುದು ಇಲ್ಲಿಯೇ. ಗಾಡಿಯ ವಿಮಾ ಮೌಲ್ಯ, ಅಂದರೆ ಐಡಿವಿ, ಕಂಪನಿಯ ಈಗಿನ ಮಾರಾಟ ಬೆಲೆಯಿಂದ ಸವಕಳಿ ಕಳೆದು ಬರುತ್ತದೆ. ಆರು ತಿಂಗಳೊಳಗೆ ಶೇ 5, ಒಂದು ವರ್ಷದೊಳಗೆ ಶೇ 15, ಎರಡರೊಳಗೆ 20, ಮೂರರೊಳಗೆ 30, ನಾಲ್ಕರೊಳಗೆ 40, ಐದರೊಳಗೆ 50. ಬೆಲೆ 10 ಲಕ್ಷ ಇರುವ ಗಾಡಿಗೆ ಮೂರೂವರೆ ವರ್ಷವಾದರೆ ಐಡಿವಿ 6 ಲಕ್ಷ. ಐದು ವರ್ಷ ದಾಟಿದ ಗಾಡಿಗೆ, ಮತ್ತು ಕಂಪನಿ ತಯಾರಿ ನಿಲ್ಲಿಸಿದ ಮಾದರಿಗೆ, ಮೌಲ್ಯವನ್ನು ವಿಮಾ ಕಂಪನಿಯೂ ಮಾಲೀಕನೂ ಮಾತಾಡಿ ಒಪ್ಪಿಕೊಳ್ಳಬೇಕು ಎಂಬುದು ನಿಯಮ. ಹೆಸರು ಬದಲಾದ ಗಾಡಿ ಎರಡು ವರ್ಷ ಹಳೆಯದಾದರೂ ವಿಮಾ ಕಂಪನಿಯ ಪಟ್ಟಿಯಲ್ಲಿ ‘ನಿಂತ ಮಾದರಿ’ ಆಗಿಬಿಡುತ್ತದೆ. ಆಗ ಅವರು ತೋರಿಸಿದ ಕಡಿಮೆ ಮೌಲ್ಯಕ್ಕೆ ಸುಮ್ಮನೆ ಒಪ್ಪಬೇಕಿಲ್ಲ; ಖರೀದಿಯ ಇನ್‌ವಾಯ್ಸ್ ಇಟ್ಟು, ಅದೇ ಯಂತ್ರದ ಹೊಸ ಹೆಸರಿನ ಗಾಡಿಯ ಬೆಲೆ ತೋರಿಸಿ ಹೆಚ್ಚು ಕೇಳಬಹುದು. ಆನ್‌ಲೈನಿನಲ್ಲಿ ನವೀಕರಿಸುವಾಗ ಪಟ್ಟಿಯಲ್ಲಿ ಹಳೆ ಹೆಸರು ಸಿಗಲಿಲ್ಲವೆಂದು ಹೊಸ ಹೆಸರನ್ನು ಒತ್ತಿ ಮುಗಿಸಬೇಡಿ. ಪಾಲಿಸಿಯ ಮಾದರಿ, ವೇರಿಯಂಟ್, ಸಿಸಿ, ಸೀಟಿನ ಸಂಖ್ಯೆ ನಾಲ್ಕೂ ಆರ್‌ಸಿಯಲ್ಲಿ ಇರುವಂತೆಯೇ ಇರಬೇಕು, ಇಲ್ಲದಿದ್ದರೆ ಕ್ಲೇಮ್ ಸಮಯದಲ್ಲಿ ಸರ್ವೇಯರ್ ಮೊದಲು ಹಿಡಿಯುವುದೇ ಅದನ್ನು. ಹೊಂದದಿದ್ದರೆ ಪಾಲಿಸಿ ಬಂದ ದಿನವೇ ಆರ್‌ಸಿಯ ಪ್ರತಿ ಕಳಿಸಿ ಪಾಲಿಸಿಯ ತಿದ್ದುಪಡಿ, ಅಂದರೆ ಎಂಡಾರ್ಸ್‌ಮೆಂಟ್ ಮಾಡಿಸಿಕೊಳ್ಳಿ. ಆರ್‌ಸಿಯಲ್ಲೇ ಮಾದರಿಯ ಹೆಸರು ತಪ್ಪಿದ್ದರೆ ಅದನ್ನು ಮೊದಲು ಡೀಲರ್ ಮೂಲಕ ಆರ್‌ಟಿಒದಲ್ಲಿ, ಮಂಗಳೂರಿನವರಾದರೆ ಕೆಎ 19ರಲ್ಲಿ, ಉಡುಪಿಯವರಾದರೆ ಕೆಎ 20ರಲ್ಲಿ ಸರಿಪಡಿಸಿ, ವಿಮೆಯನ್ನು ಆಮೇಲೆ ಮುಟ್ಟಿ.